ಮೊದಲ ಹನಿ ಬಿದ್ದ ದಿನ

ನಮ್ಮ ಹಡಗಿನವರಿಗೆ,

ನಾನು ಚೆನ್ನಾಗಿದ್ದೇನೆ. ನಿಮ್ಮ ಇಂಜಿನ್ ಕೋಣೆಯ ಸೆಕೆ ಹೇಗಿದೆ?

ಕೊನೆಗೂ ನಮ್ಮ ಪ್ರಯೋಗಾಲಯದ ಬಿಳಿ ಪುಡಿ ಮಾತು ಕೇಳಿತು. ಕಾರ್ಖಾನೆಯ ಚಿಮಣಿಯಿಂದ ಹಿಡಿದು ತಂದ ಇಂಗಾಲದ ಡೈಆಕ್ಸೈಡಿಗೆ ಹೈಡ್ರೋಜನ್ ಬೆರೆಸಿ, ಜಿಯೋಲೈಟ್ ಪುಡಿ ತುಂಬಿದ ಬಿಸಿ ಕೊಳವೆಯೊಳಗೆ ಬಿಟ್ಟೆವು. ಅದರ ಒಂದೊಂದು ಹರಳಿನಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಕೋಣೆಗಳಿವೆ. ಅವನ್ನೆಲ್ಲ ಹಾದುಬಂದ ಅನಿಲ ಆಚೆ ತುದಿಯಲ್ಲಿ ತಣಿದು, ತಿಳಿಯಾದ ಮೆಥನಾಲ್ ಇಂಧನದ ಹನಿಯಾಗಿ ಬಿತ್ತು. ಅಂದಿನಿಂದ ಕಣ್ಣು ಮುಚ್ಚಿದರೆ ಸಾಕು, ನಾನೇ ಆ ಕೋಣೆಗಳಲ್ಲಿ ತೇಲುತ್ತಿರುತ್ತೇನೆ. ಒಳಗೆಲ್ಲ ಹಾಲಿನಂಥ ಬೆಳಕು. ಯಾರೋ ಪುಟ್ಟವರು ಮುಂದೆ ಮುಂದೆ ಓಡಿದ ಸದ್ದು.

ಹನಿ ಬಿದ್ದಾಗ ಎಲ್ಲರೂ ಅದರ ಸುತ್ತ ಮುಗಿಬಿದ್ದರು. ನಾನು ಮಾತ್ರ ಗಾಜಿನ ಗೋಡೆಯ ಈಚೆ ನಿಂತು ನೋಡಿದೆ. "ಇನ್ಮೇಲೆ ನೀನು ಮೆಥನಾಲ್ ಹತ್ರ ಸುಳೀಬೇಡ, ಕಂಪ್ಯೂಟರ್ ಮುಂದೆ ಕೂತ್ಕೊ ಸಾಕು" ಎಂದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಹೇಳಿದ್ದಾರೆ. ನಿಮಗಿಂತ ಮೊದಲು ಅವರಿಗೆ ತಿಳಿಸಬೇಕಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಅಮ್ಮನಿಗೂ ಹೇಳಿಲ್ಲ. ಹೋದ ಸಲ ಎಲ್ಲರಿಗೂ ಹೇಳಿ, ಆಮೇಲೆ ಒಬ್ಬೊಬ್ಬರಿಗೂ ಇಲ್ಲವೆಂದು ಹೇಳಬೇಕಾಯಿತಲ್ಲ.

ಮೊನ್ನೆ ಡಾಕ್ಟರು ಹೊಟ್ಟೆಯೊಳಗಿನ ಎದೆಬಡಿತ ಕೇಳಿಸಿದರು. ಕುದುರೆ ಓಡಿದ ಹಾಗಿತ್ತು. ಬಹಳ ಹೊತ್ತು ಕೇಳಿದೆ. ಅವರೂ ಅವಸರ ಮಾಡಲಿಲ್ಲ.

ರಜೆ ಕೇಳಿ ನೋಡಿ. ಅಟ್ಟದ ಮೇಲೆ ಆ ಪುಟ್ಟ ಬಟ್ಟೆಗಳ ಪೆಟ್ಟಿಗೆ ಇದೆ. ಹೋದ ಸಲ ಅದಕ್ಕೆ ಹಗ್ಗ ಬಿಗಿದವರು ನೀವು. ನಾನೀಗ ಏಣಿ ಹತ್ತುವಂತಿಲ್ಲ, ಬೇರೆಯವರ ಕೈಲಿ ಇಳಿಸಲು ಮನಸ್ಸಿಲ್ಲ. ನೀವೇ ಬಂದು ಬಿಚ್ಚಿ.

ದಾರಿ ನೋಡುತ್ತಿರುವ,
ನಿಮ್ಮ ಪುಡಿಯಮ್ಮ