ಅಧ್ಯಕ್ಷರಿಲ್ಲದ ಶೆಡ್ಡು

ಜನವರಿ 5, ರವಿವಾರ. ಸಂಜೆ 6

ಚರ್ಚ್ ಮುಗಿಸಿ ನೇರ ಗಬ್ಬೂರಿನ ಬಸ್ಸು. ಸೀಟು ಸಿಗಲಿಲ್ಲ. ಮೊಣಕಾಲು ಹಿಡಿದುಕೊಂಡೇ ಶೆಡ್ಡಿಗೆ ಹೋದೆ. ಅಷ್ಟರಲ್ಲಿ ಅಮರೇಶನ ಭಾಷಣ ಅರ್ಧ ಮುಗಿದಿತ್ತು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತಾನೆ, ರವಿವಾರ ನಮಗೂ ಹೇಳುತ್ತಾನೆ. ಹಾಜರಿ ತೆಗೆದುಕೊಳ್ಳುವುದೊಂದು ಬಾಕಿ.

ಇವತ್ತಿನ ವಿಷಯ — ರಾಜ್ಯವನ್ನು ಏನು ಮಾಡಬೇಕು. ನಾಲೆಯ ಪಕ್ಕದ ತಗಡಿನ ಶೆಡ್ಡು, ಎಂಟು ಹೊಲಿಗೆ ಮಶೀನು, ಬಟ್ಟೆಯ ಗಂಟಿನ ಮೇಲೆ ಕೂತ ನಾವು ಮೂವರು. ಕೇಳಿದವರು ನಗಬೇಕು. ನಗಲಿ.

ಅಮರೇಶ ಹೇಳಿದ್ದು: "ಛಲೋ ರಾಜ್ಯ, ಕೆಟ್ಟ ರಾಜ್ಯ ಅಂತ ಎರಡಿಲ್ರಿ ಮೇಡಂ. ಅನ್ನ ಕೊಡೂ ಕೈನೂ ಅದರದ, ಲಾಠಿ ಹಿಡಿಯೂ ಕೈನೂ ಅದರದ. ಬೇರು ಸಮೇತ ಕೀಳಬೇಕು."

ಮಹಾಂತಯ್ಯನವರು ಒಪ್ಪಲಿಲ್ಲ. ಗರಗದಲ್ಲಿ ಖಾದಿ ನೇಯುವವರು, ಏರುದನಿಯೇ ಗೊತ್ತಿಲ್ಲ. "ಕೀಳಾಕ ಹೋದವ್ರು ಆಮ್ಯಾಲೆ ಅದರ ಕುರ್ಚಿ ಮ್ಯಾಲೇ ಕುಂತಾರ, ತಮ್ಮಾ. ಅದಕ್ಕ ಬೆನ್ನು ತಿರುಗಿಸಿ ನಮ್ಮ ಕೆಲಸ ನಾವು ಮಾಡೂಣು. ದಾಸೋಹ ನಡಸಾಕ ಯಾವ ಸರ್ಕಾರದ ಪರ್ಮಿಟ್ ಬೇಕಾಗಿತ್ತು?"

ಹಿಂದೊಮ್ಮೆ ಜೆರೋಮ್ ಎಂಬವನು ಬಂದಿದ್ದ. ಒಬ್ಬ ಮನುಷ್ಯನ ಮೇಲೆ ಯಾರ ನಿಯಮವೂ ಇರಬಾರದು, ನಮ್ಮ ಕೂಟದ ನಿಯಮವೂ ಇರಬಾರದು ಎಂದ. ಮುಂದಿನ ವಾರದಿಂದ ಬರಲೇ ಇಲ್ಲ. ಹೇಳಿದಂತೆ ನಡೆದುಕೊಂಡವನು ಅವನೊಬ್ಬನೇ.

ಶೆಡ್ಡಿನಲ್ಲಿ ಹೊಲಿಯುವ ಮೀರಾಬಿ ಚಹಾ ಸೋಸುತ್ತ ಕೇಳಿದಳು, "ನೀವು ಹೇಳೂ ಸರ್ಕಾರ ಯಾವುದ್ರಿ ಅಕ್ಕೋರ? ರೇಷನ್ ಅಂಗಡಿದೋ, ಪೊಲೀಸ್ ಠಾಣೆದೋ? ನನಗ ಒಂದು ಬೇಕು, ಒಂದು ಬ್ಯಾಡ." ಎಲ್ಲರೂ ನಕ್ಕೆವು. ಚಹಾ ಕುಡಿದು ಎದ್ದೆವು.

ಜನವರಿ 8, ಬುಧವಾರ

ಬುಧವಾರ ನನ್ನ ಕಾಜಾ ದಿನ. ಯೂನಿಫಾರ್ಮ್ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುತ್ತೇನೆ. ಮೀರಾಬಿ ಕತ್ತರಿಸುತ್ತಾಳೆ, ರುಕ್ಮವ್ವ ಕಾಲರ್, ಅಖ್ತರಬೇಗಂ ತೋಳು. ಒಂದು ಅಂಗಿ ಎಲ್ಲರ ಕೈ ದಾಟಿ ಹೋಗುತ್ತದೆ. ಇದು ನಾನು ಹೊಲಿದದ್ದು ಎಂದು ಹೇಳಲು ಯಾರಿಗೂ ಬರುವುದಿಲ್ಲ. ಎಂಟು ವರ್ಷದಿಂದ ಹೀಗೇ. ಯಜಮಾನನಿಲ್ಲ, ಮೇಸ್ತ್ರಿ ಇಲ್ಲ. ಅರಾಜಕತೆ ಎಂದರೆ ಗದ್ದಲ ಎಂದು ಪೇಪರಿನಲ್ಲಿ ಬರೆಯುವವರು ಒಂದು ದಿನ ಇಲ್ಲಿ ಬಂದು ಕೂರಲಿ.

ಹನ್ನೊಂದಕ್ಕೆ ಪೋಸ್ಟ್‌ಮನ್ ರಮಾಕಾಂತ ಬಂದ. ನನ್ನ ಹಳೆಯ ವಿದ್ಯಾರ್ಥಿ. ರಿಜಿಸ್ಟರ್ ಪತ್ರ, ಮೇಲೆ ಸರ್ಕಾರಿ ಮುದ್ರೆ. ವಿಳಾಸ — "ಅಧ್ಯಕ್ಷರು ಅಥವಾ ಕಾರ್ಯದರ್ಶಿಗಳು, ಹೊಲಿಗೆ ಶೆಡ್, ಗಬ್ಬೂರ."

"ಅಂಥವರು ಇಲ್ಲಿ ಯಾರೂ ಇಲ್ಲಪಾ," ಎಂದೆ.

"ಯಾರರೆ ಒಬ್ರು ಸಹಿ ಹಾಕ್ರಿ ಅಕ್ಕೋರ. ಮುಗೀತು."

ಮೀರಾಬಿ ಆಗಲೇ ಅವನ ಪೆನ್ನು ತೆಗೆದುಕೊಂಡಿದ್ದಳು. "ನಾ ಮಾಡ್ಲೇನ್ರಿ?" ಎಂದು ನನ್ನನ್ನು ಕೇಳಿದಳು. ಪೆನ್ನು ಅವಳ ಕೈಯಿಂದ ತೆಗೆದು ರಮಾಕಾಂತನ ಜೇಬಿಗೆ ಸಿಕ್ಕಿಸಿ, ಪತ್ರ ವಾಪಸ್ ಕಳಿಸಿದೆ. ಇವತ್ತು ಕಾರ್ಯದರ್ಶಿ ಎಂದು ಸಹಿ ಮಾಡಿದವಳು ನಾಳೆ ಕಾರ್ಯದರ್ಶಿಯೇ ಆಗುತ್ತಾಳೆ. ರಾಜ್ಯ ಹುಟ್ಟುವುದೇ ಹಾಗೆ ಎಂದು ವಿವರಿಸಿದೆ. ಅವಳು ತಲೆಯಾಡಿಸಿ ಕತ್ತರಿ ಹಿಡಿದಳು.

ಒಳ್ಳೆಯ ದಿನ. ಮನಸ್ಸಿಗೆ ಸಮಾಧಾನ.

ಜನವರಿ 12, ರವಿವಾರ

ಪತ್ರದ ಬಗ್ಗೆ ಎರಡೂವರೆ ತಾಸು. ಮತ್ತೊಮ್ಮೆ ಬಂದರೆ ತೆಗೆದುಕೊಳ್ಳಬೇಕೋ ಬೇಡವೋ.

ವಿಚಿತ್ರವೆಂದರೆ ಅಮರೇಶ ಮೆತ್ತಗಾದ. "ಓದರೆ ಓದೂಣ್ರಿ ಮೇಡಂ. ಎದುರಿಗಿದ್ದಾಂವ ಏನ್ ಮಾಡಾಕತ್ತಾನ ಅಂತ ಗೊತ್ತಿರಬೇಕಲ್ಲ?" ಎಂದ. ಬೇರು ಕೀಳುವವನು ಈಗ ಎಲೆ ಎಣಿಸುತ್ತಾನೆ! ಮಹಾಂತಯ್ಯನವರು ಎಲ್ಲರ ಹೆಸರೂ ಬರೆದು ಸಹಿ ಮಾಡೋಣ ಎಂದರು.

ನಾನು ಬೇಡ ಎಂದೆ.

ನಮ್ಮಲ್ಲಿ ವೋಟಿಲ್ಲ. ಒಬ್ಬರು ಬೇಡವೆಂದರೆ ಕೆಲಸ ನಿಲ್ಲುತ್ತದೆ. ನಿಂತಿತು.

ಯಾಕೆ ಬೇಡವೆಂದೆ ಎಂದು ಅವರಿಗೆ ಹೇಳಲಿಲ್ಲ, ಇಲ್ಲಿ ಬರೆಯುತ್ತೇನೆ. ಮೂವತ್ತೊಂದು ವರ್ಷ ಮಿಶನ್ ಸ್ಕೂಲಿನ ಮಕ್ಕಳಿಗೆ ರಾಜ್ಯದ ನಾಲ್ಕು ಮೂಲಾಂಶಗಳನ್ನು ಬಾಯಿಪಾಠ ಮಾಡಿಸಿದೆ. ಜನ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ. ಬೆಂಜಮಿನ್ ತೀರಿಕೊಂಡ ಮೇಲೆ, ಅವರು ತೀರಿಕೊಂಡಿದ್ದಾರೆ ಎಂದು ಒಪ್ಪಲು ಒಂದು ಕಚೇರಿಗೆ ಹನ್ನೊಂದು ತಿಂಗಳು ಹಿಡಿಯಿತು. ಗಂಡ ಸತ್ತಿದ್ದಾನೆ ಎಂದು ಹೆಂಡತಿ ಹದಿನಾಲ್ಕು ಸಲ ಸಹಿ ಮಾಡಿದಳು. ಒಂದು ಸಲ ಸಹಿ ಹೊಂದುವುದಿಲ್ಲ ಎಂದು ವಾಪಸ್ಸು ಕಳಿಸಿದರು. ಅವತ್ತಿನಿಂದ ಸಹಿ ಎಂದರೆ ಮೈ ಉರಿಯುತ್ತದೆ.

ಮೀರಾಬಿಯೂ ಅಲ್ಲೇ ಇದ್ದಳು. ಚಹಾ ಕೊಡುತ್ತಿದ್ದಳು.

ಜನವರಿ 22, ಬುಧವಾರ

ರಮಾಕಾಂತ ಮತ್ತೆ ಬಂದ. ಅದೇ ವಿಳಾಸ. "ಅಕ್ಕೋರ, ಈ ಸಲಾನೂ 'ನಿರಾಕರಿಸಿದ್ದಾರೆ' ಅಂತ ಬರೀಬೇಕಾಗತೈತ್ರಿ. ಛಲೋ ಅಲ್ಲ ಅದು."

"ಬರಿ. ದೊಡ್ಡ ಅಕ್ಷರದಾಗ ಬರಿ."

ಬರೆದ. ಈ ಸಲ ಮೀರಾಬಿ ಬಟ್ಟೆ ಕತ್ತರಿಸುತ್ತಲೇ ಇದ್ದಳು. ಹತ್ತು ಡಜನ್ ಅಂಗಿ ಮುಗಿಯಿತು. ಜೂನ್ ಒಳಗೆ ಇನ್ನೂ ನೂರು ಡಜನ್ ಆಗಬೇಕು.

ಫೆಬ್ರುವರಿ 11, ಮಂಗಳವಾರ

ಶೆಡ್ಡಿಲ್ಲ.

ಬೆಳಿಗ್ಗೆ ಹತ್ತಕ್ಕೆ ಜೆಸಿಬಿ. ಫೋನ್ ಬಂದು ನಾನು ಹೋಗುವಷ್ಟರಲ್ಲಿ ತಗಡು ನೆಲಕ್ಕೆ ಬಿದ್ದಿತ್ತು. ಐದು ಮಶೀನು ಹೊರಗೆಳೆದಿದ್ದಾರೆ. ಇನ್ನು ಮೂರು ತಗಡಿನ ಕೆಳಗೆ ಸಿಕ್ಕಿವೆ. ಕತ್ತರಿಸಿಟ್ಟ ನೀಲಿ ಬಟ್ಟೆಯೆಲ್ಲ ನಾಲೆಯಲ್ಲಿ. ನಮ್ಮ ಹೊಲಿಗೆಯವರಲ್ಲೇ ಒಬ್ಬಳು, ಭಾಗ್ಯಶ್ರೀ, ಸೊಂಟದ ಮಟ್ಟ ಕೊಳಚೆಗೆ ಇಳಿದು ತೋಳಿನ ತುಂಡುಗಳನ್ನು ಹೆಕ್ಕುತ್ತಿದ್ದಳು. ಏಳನೇ ತಿಂಗಳ ಬಸುರಿ. ಬಾರೇ ಮೇಲೆ ಎಂದರೆ ಕೇಳಲಿಲ್ಲ.

ಕಿರಿಯ ಅಧಿಕಾರಿ ಒಬ್ಬ ಛತ್ರಿ ಹಿಡಿದು ನಿಂತಿದ್ದ. ನೋಟಿಸ್ ಇಲ್ಲದೆ ಹೇಗೆ ಕೆಡವಿದಿರಿ ಎಂದು ಚೀರಿದೆ. ಅವನು ಫೈಲು ತೆರೆದು ತೋರಿಸಿದ. ಎರಡು ಲಕೋಟೆ. ಎರಡರ ಮೇಲೂ ರಮಾಕಾಂತನ ದುಂಡಗಿನ ಅಕ್ಷರದಲ್ಲಿ 'ನಿರಾಕರಿಸಿದ್ದಾರೆ'.

"ಬ್ಯಾಡಂದ್ರ ಮುಟ್ಟಿದಂಗ ಲೆಕ್ಕರಿ," ಎಂದ. "ಸರ್ವಿಸ್ ರಸ್ತೆಗೆ ಜಾಗ ಹೋಗತೈತಿ, ಬದಲಿ ಜಾಗ ಬೇಕಂದ್ರ ತಿಂಗಳೊಳಗ ಅರ್ಜಿ ಕೊಡ್ರಿ ಅಂತ ಬರದಿತ್ತು. ಹಿಂದಿನ ಓಣ್ಯಾವ್ರು ಕೊಟ್ರು. ಅವರಿಗೆ ಸಿಕ್ಕೈತಿ."

ನಾವು ಬೇಡವೆಂದರೂ ಅವರ ಲೆಕ್ಕದಲ್ಲಿ ಅದು ಹೂಂ. ಇಂಥ ಯಂತ್ರಕ್ಕೆ ಬೆಂಕಿ ಬೀಳಲಿ.

ಫೆಬ್ರುವರಿ 12

ಊಟ ಸೇರಲಿಲ್ಲ. ಪ್ರಾರ್ಥನೆಗೆ ಕೂತರೂ ಬಾಯಿಗೆ ಬೈಗುಳವೇ ಬರುತ್ತಿದೆ.

ಫೆಬ್ರುವರಿ 14, ಶುಕ್ರವಾರ

ಅಮರೇಶ ಫೋನ್ ಮಾಡಿದ. ದನಿಯಲ್ಲಿ ಉತ್ಸಾಹ! "ಮೇಡಂ, ಈಗ ನೋಡ್ರಿ, ರಾಜ್ಯದ ಖರೇ ಮುಖ ಬಯಲಿಗೆ ಬಂತು. ಜನ ಏಳತಾರ. ನಾ ಒಂದು ಲೇಖನ ಬರಿಯಾಕತ್ತೇನಿ." ಯಾವ ಜನ ಏಳುತ್ತಾರೆ? ಎಂಟು ಹೆಂಗಸರು ರಾಜ್ಯದ ಮುಖ ನೋಡಿಯೇ ಹುಟ್ಟಿದವರು. ಅವರಿಗೆ ಹೊಸದಾಗಿ ಬಯಲು ಮಾಡಿ ತೋರಿಸುವುದಕ್ಕೆ ಇವನೇ ಬೇಕಿತ್ತೇ? ಬೈದು ಫೋನ್ ಇಟ್ಟೆ.

ಮಹಾಂತಯ್ಯನವರದು ಇನ್ನೊಂದು. "ಮಶಿನ್ ಗರಗಕ್ಕ ತರ್ರಿ. ನಮ್ಮ ಅಂಗಳ ಐತಿ." ಮಶೀನು ತರಬಹುದು. ಮಕ್ಕಳನ್ನು ಸಾಲೆಗೆ ಕಳಿಸಿ, ಅತ್ತೆಗೆ ಗುಳಿಗೆ ಕೊಟ್ಟು, ಎರಡು ಬಸ್ಸು ಬದಲಿಸಿ ರುಕ್ಮವ್ವ ಎಷ್ಟು ಗಂಟೆಗೆ ಗರಗ ಮುಟ್ಟಬೇಕು? ಬೆನ್ನು ತಿರುಗಿಸುವುದು ಸುಲಭ. ಬೆನ್ನಿನ ಮೇಲೆ ಜೆಸಿಬಿ ಬಂದರೆ ಏನು ಮಾಡಬೇಕೆಂದು ಅವರೂ ಯೋಚಿಸಿಲ್ಲ.

ಇಬ್ಬರ ಮೇಲೂ ಸಿಟ್ಟು. ಛತ್ರಿಯವನ ಮೇಲೆ ಸಿಟ್ಟು. ರಮಾಕಾಂತನ ಮೇಲೂ — ಒತ್ತಾಯ ಮಾಡಬಾರದಿತ್ತೇ? ಕಲಿಸಿದ ಟೀಚರಿಗೆ ಅಷ್ಟು ಹೇಳಬಾರದಿತ್ತೇ?

ಹೇಳಿದ್ದ. ಛಲೋ ಅಲ್ಲ ಅಂದಿದ್ದ.

ಫೆಬ್ರುವರಿ 16, ರವಿವಾರ

ಚರ್ಚಿಗೆ ಹೋಗಲಿಲ್ಲ. ಮೀರಾಬಿ ಮನೆಗೆ ಬಂದಳು. ಮೊದಲ ಸಲ. ಕುರ್ಚಿ ಕೊಟ್ಟರೆ ತುದಿಯಲ್ಲಿ ಕೂತಳು. ಚಹಾ ಬೇಡವೆಂದಳು.

"ಅಕ್ಕೋರ, ಒಂದು ಮಾತು. ನಿಮ್ಮ ಮೀಟಿಂಗ್ನ್ಯಾಗ ಒಬ್ರು ಬ್ಯಾಡಂದ್ರ ಕೆಲಸ ನಿಲ್ತೈತಿ, ಹೌದಲ್ರಿ?"

ಹೌದು ಎಂದೆ.

"ಅವತ್ತ ನೀವು ಬ್ಯಾಡಂದ್ರಿ. ನಿಂತಿತು. ಪತ್ರ ತಗೊಳ್ಳೋದು ಬ್ಯಾಡ ಅನ್ನೋದ ನನಗ ಬ್ಯಾಡಾಗಿತ್ತು. ನನ್ನ ಬ್ಯಾಡ ಯಾರು ಕೇಳಿದ್ರಿ? ಶೆಡ್ ನಿಮ್ಮದೇನ್ರಿ? ವಾರಕ್ಕ ಒಂದಿನ ಬರ್ತೀರಿ. ಮೊಣಕಾಲು ನೋಯ್ತೈತಿ ಅಂದ್ರ ಅದೂ ಇಲ್ಲ."

ನನ್ನ ದನಿ ಏರಿತು. ಕೂಟದಲ್ಲಿ ಬಾಯಿ ಬಿಡಬಹುದಿತ್ತಲ್ಲ, ನಿನ್ನನ್ನು ಯಾರು ತಡೆದಿದ್ದರು ಎಂದೆ.

"ಕೈಯಾಗ ನಾಕು ಕಪ್ ಇದ್ದೂವ್ರಿ," ಎಂದಳು. ಅವಳ ದನಿ ಏರಲಿಲ್ಲ. "ಪೆನ್ನೂ ಇತ್ತು. ಅದನ್ನ ನೀವು ಕಸಗೊಂಡ್ರಿ."

ಸೆರಗಿನ ಗಂಟಿನಿಂದ ಒಂದು ಅರ್ಜಿ ನಮೂನೆ ತೆಗೆದಳು. ಒಬ್ಬಳೇ ಕಚೇರಿಗೆ ಹೋಗಿ ಮೂರು ದಿನ ನಿಂತು ಬಂದಿದ್ದಾಳೆ. 24ರೊಳಗೆ ಅಧ್ಯಕ್ಷರು ಖುದ್ದು ಬಂದು ಸಾಹೇಬರ ಮುಂದೆ ಸಹಿ ಮಾಡಿದರೆ ತಡವಾದ ಅರ್ಜಿಯನ್ನೂ ತೆಗೆದುಕೊಳ್ಳುತ್ತಾರಂತೆ. ಹಿಂದಿನ ಓಣಿಯ ತುದಿಯಲ್ಲಿ ಇನ್ನೊಂದೇ ಜಾಗ ಉಳಿದಿದೆ. ಎಂಟೂ ಮಂದಿ ಕೂಡಿ ಅವಳನ್ನೇ ಅಧ್ಯಕ್ಷೆ ಮಾಡಿದ್ದಾರೆ.

"ನಿಮ್ಮ ಅಕ್ಷರ ಛಲೋ ಅದಾವ. ಬರದ ಕೊಡ್ರಿ. ಒಲ್ಲೆ ಅಂದ್ರ ಬ್ಯಾರೆಯವರ ಕಡೆ ಬರಸ್ತೇನಿ. ನಿಮ್ಮನ್ನ ಕೇಳಾಕ ಬಂದಿಲ್ಲ, ಹೇಳಾಕ ಬಂದೇನಿ."

ನಮೂನೆ ಮೇಜಿನ ಮೇಲಿಟ್ಟು ಹೋದಳು.

ಫೆಬ್ರುವರಿ 19, ಬುಧವಾರ

ಕಾಜಾ ದಿನ. ಕೈಗೆ ಕೆಲಸವಿಲ್ಲ.

ನಮೂನೆ ಮೂರು ದಿನದಿಂದ ಅಲ್ಲೇ ಇದೆ. "ಅಧ್ಯಕ್ಷರ ಹೆಸರು" ಎಂಬಲ್ಲಿ ಚುಕ್ಕೆಗಳ ಸಾಲು. ಹದಿನಾಲ್ಕು ಸಹಿ ಮಾಡಿದ್ದು ನಾನು, ಮೈ ಉರಿದದ್ದು ನನ್ನದು, ಅದಕ್ಕೆ ನಾಲೆಗೆ ಇಳಿದದ್ದು ಭಾಗ್ಯಶ್ರೀ. ಇದನ್ನು ಅಮರೇಶನ ಲೇಖನದಲ್ಲಿ ಯಾರೂ ಓದುವುದಿಲ್ಲ. ರಾಜ್ಯ ಬೇಡ ಎನ್ನುವುದು ಈಗಲೂ ಖರೆ. ಬೆಂಜಮಿನ್ ಆಣೆಗೂ ಖರೆ. ಆದರೆ ಅವಳ ಕೈಯಿಂದ ಪೆನ್ನು ಕಸಿದುಕೊಂಡವಳು ನಾನು. ಅವಳನ್ನು ಕೇಳದೆ, ಅವಳ ಒಳ್ಳೆಯದಕ್ಕೇ ಎಂದು. ಆ ಕಚೇರಿಯವರೂ ನನಗೆ ಹಾಗೇ ಹೇಳುತ್ತಿದ್ದರು. ನಿಮ್ಮ ಒಳ್ಳೇದಕ್ಕ ಮೇಡಂ, ನಿಯಮ ಐತಿ.

ನಾಚಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತಿದೆ. ಈ ಸಲ ನನ್ನ ಮೇಲೆ.

ಸಂಜೆ ನಾಲ್ಕಕ್ಕೆ ಬರೆದು ಮುಗಿಸಿದೆ. ಹೆಸರು, ವಿಳಾಸ, ಎಂಟು ಜನರ ಪಟ್ಟಿ. ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ಇರಬಾರದು ಕೂಡ.

ಫೆಬ್ರುವರಿ 24, ಸೋಮವಾರ. ಕಚೇರಿಯ ವರಾಂಡಾ, 11-40

ಹತ್ತರಿಂದ ಕೂತಿದ್ದೇವೆ. ಸಾಹೇಬರು ಇನ್ನೂ ಮೀಟಿಂಗಿನಲ್ಲಿ. ಎಂಟೂ ಜನ ಬಂದಿದ್ದಾರೆ. ಭಾಗ್ಯಶ್ರೀಗೆ ಕೂರಲು ಒಂದು ಕುರ್ಚಿ ಕೇಳಿದರೆ ಜವಾನ "ಅದು ಸ್ಟಾಫ್ ಕುರ್ಚಿರಿ" ಎಂದ. ಅವನಿಗೆ ನಾಲ್ಕು ಮಾತು ಹೇಳಿದೆ. ಕುರ್ಚಿ ಬಂತು. ಸಿಟ್ಟು ಇಳಿಯಲಿ ಎಂದು ಡೈರಿ ತೆಗೆದೆ.

ಮೀರಾಬಿ ಗೋಡೆಗೆ ಒರಗಿ ಅರ್ಜಿಯನ್ನು ಮತ್ತೆ ಓದುತ್ತಿದ್ದಾಳೆ. ಕೊನೆಗೊಂದು ಸಾಲು ಅವಳೇ ಸೇರಿಸಿದ್ದಾಳೆ. ಅಕ್ಷರ ಸೊಟ್ಟ: ಅಧ್ಯಕ್ಷರನ್ನು ವರ್ಷಕ್ಕೊಮ್ಮೆ ಬದಲಿಸುತ್ತೇವೆ, ಬ್ಯಾಡಾದರ ಅದಕೂ ಮೊದಲ ಬದಲಿಸುತ್ತೇವೆ. ಇಂಥದ್ದನ್ನು ಅರ್ಜಿಯಲ್ಲಿ ಬರೆಯುವಂತಿಲ್ಲ ಎನ್ನಲು ಬಾಯಿ ತೆರೆದೆ. ಮುಚ್ಚಿದೆ.

ಜವಾನ ಕೂಗಿದ. "ಅಧ್ಯಕ್ಷರು ಯಾರ್ರಿ? ಒಳಗ ಬರ್ರಿ, ಸಹಿ ಮಾಡೂದೈತಿ."

ಎದ್ದಳು. ಸೆರಗು ಸರಿಮಾಡಿಕೊಂಡಳು. ನನ್ನ ಕಡೆ ಬರುತ್ತಿದ್ದಾಳೆ. ಏನೂ ಕೇಳುತ್ತಿಲ್ಲ, ಬರೀ ಕೈ ಚಾಚಿದ್ದಾಳೆ. ಪೆನ್ನು. ನಾನು ಬರೆಯುತ್ತಿರುವ ಇದೇ ಪೆ