ವಾಸಿಯಾದ ಸೊಸೆ

ಮೇಲೂರು
೧೪-೧೧-೧೯೫೮

ಚಿ|| ಕುಮಾರಿ ಶ್ಯಾಮಲಮ್ಮನಿಗೆ ನಿನ್ನ ಅಮ್ಮ ಅಕ್ಕಯ್ಯಮ್ಮ ಹರಸಿ ಬರೆಯುವುದೇನೆಂದರೆ,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕಾಗದ ಬರುವವರೆಗೆ ಇನ್ನೂ ಚೆನ್ನಾಗಿದ್ದೆವು. ನಿನ್ನ ಅತ್ತಿಗೆ ರಾಮಲಕ್ಷ್ಮಿಗೆ ಪೂರ್ತಿ ವಾಸಿಯಾಗಿದೆ, ಮನೆಗೆ ಕರೆದುಕೊಂಡು ಹೋಗಬಹುದು ಎಂದು ಡಾಕ್ಟರು ಹೇಳಿದ್ದಾರೆ, ಅಣ್ಣನನ್ನು ಈ ವಾರವೇ ಬೆಂಗಳೂರಿಗೆ ಕಳಿಸು ಎಂದು ಬರೆದಿದ್ದೀಯೆ. ಅವಳು ದಿನಾ ಬೆಳಿಗ್ಗೆ ತಲೆ ಬಾಚಿಕೊಂಡು, ಬಟ್ಟೆ ಗಂಟು ಕಟ್ಟಿಕೊಂಡು, ವಾರ್ಡಿನ ಬಾಗಿಲಲ್ಲಿ ಕೂತಿರುತ್ತಾಳಂತೆ. ಕೂತಿರಲಿ. ಚನ್ನಕೇಶವ ಬರುವುದಿಲ್ಲ. ಇದನ್ನು ಬೇರೆಯವರ ಕೈಯಲ್ಲಿ ಬರೆಸುವಂತಿಲ್ಲ, ಅದಕ್ಕೇ ನನ್ನ ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ನಾನೇ ಬರೆಯುತ್ತಿದ್ದೇನೆ. ಕಣ್ಣು ಬಿಟ್ಟು ಓದಿಕೋ.

ನಿನ್ನನ್ನು ನರ್ಸ್ ಓದಿಗೆ ಕಳಿಸಿದ್ದು ಸೂಜಿ ಹಾಕುವುದು ಕಲಿಯಲಿ, ತನ್ನ ಕಾಲ ಮೇಲೆ ತಾನು ನಿಲ್ಲಲಿ ಎಂದು. ನೀನು ಹೆತ್ತ ತಾಯಿಗೇ ಪಾಠ ಹೇಳಲು ನಿಂತೆ. ಮನಸ್ಸಿನ ಆರೋಗ್ಯವೆಂದರೆ ಬರೀ ಹುಚ್ಚಿಲ್ಲದಿರುವುದಲ್ಲ, ಕಷ್ಟ ಬಂದಾಗ ತಡೆದುಕೊಳ್ಳುವುದು, ಹಿಡಿದ ಕೆಲಸ ಮಾಡುವುದು, ನಾಲ್ಕು ಜನರ ಜೊತೆ ಹೊಂದಿಕೊಂಡು ಬಾಳುವುದು ಎಂದು ನಿಮ್ಮ ಮೇಡಂ ಹೇಳಿಕೊಟ್ಟರಂತೆ. ಈ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಯಾರಿಗೆ ಆರೋಗ್ಯವಿದೆ ಹೇಳು. ನಿಮ್ಮಪ್ಪ ಬದುವಿನ ಜಗಳಕ್ಕೆ ಒಡಹುಟ್ಟಿದ ತಮ್ಮನ ಮುಖ ನೋಡುವುದನ್ನೇ ಬಿಟ್ಟಿದ್ದಾರೆ. ನಾನು ನನ್ನ ಅತ್ತೆ ಸತ್ತ ದಿನ ಹೊಟ್ಟೆ ತುಂಬ ಉಂಡೆ. ನಮ್ಮನ್ನೂ ಬಸ್ಸು ಹತ್ತಿಸಿಕೊಂಡು ಹೋಗು.

ಮೈಗೆ ಕಾಯಿಲೆ ಬರುವ ಹಾಗೆ ಮನಸ್ಸಿಗೂ ಬರುತ್ತದೆ, ಅದು ದೆವ್ವವೂ ಅಲ್ಲ ಪಾಪವೂ ಅಲ್ಲ, ಹೆರಿಗೆಯಾದ ಮೇಲೆ ಕೆಲವು ಹೆಂಗಸರಿಗೆ ಬರುವುದುಂಟು, ಯಾರ ತಪ್ಪೂ ಇಲ್ಲ ಎಂದಿದ್ದೀಯೆ. ಆಗಲಮ್ಮ, ಒಪ್ಪಿದೆ. ಯಾರ ತಪ್ಪೂ ಇಲ್ಲದಿದ್ದರೆ ನನ್ನದೂ ಇಲ್ಲ ತಾನೆ. ಮತ್ತೆ ಬಾಣಂತಿಯನ್ನು ಕೋಣೆಯಲ್ಲಿ ಕೂಡಿಹಾಕಿದ್ದೇಕೆ ಎಂದು ಅದೇ ಕಾಗದದಲ್ಲಿ ಯಾಕೆ ಕೇಳುತ್ತೀಯೆ?

ನೀನು ರೇಷ್ಮೆ ಹುಳು ಮೇಯಿಸುವ ಮನೆಯಲ್ಲಿ ಹುಟ್ಟಿದವಳು. ಹುಳು ಜ್ವರಕ್ಕೆ ಕೂತು, ತಲೆ ಎತ್ತಿಕೊಂಡು ಅಲ್ಲಾಡದೆ ಇರುವಾಗ ನಾವು ಸೊಪ್ಪು ಹಾಕುತ್ತೇವೆಯೇ? ಪೊರೆ ಬಿಟ್ಟು, ತಾನೇ ಎದ್ದು ಬಾಯಿ ಹಾಕುವವರೆಗೆ ಮುಟ್ಟದೆ ಸುಮ್ಮನಿರುತ್ತೇವೆ. ನಿನ್ನ ಅತ್ತಿಗೆಯೂ ಹಾಗೇ ಗೋಡೆ ನೋಡಿಕೊಂಡು ಕೂತಳು. ಉಣ್ಣಲಿಲ್ಲ, ಮಾತಾಡಲಿಲ್ಲ, ಹೆತ್ತ ಮಗುವನ್ನು ಎತ್ತಿಕೊಳ್ಳಲಿಲ್ಲ. ನಾನು ಮಗುವನ್ನು ಬೇರೆ ಇಟ್ಟುಕೊಂಡು, ಬಾಗಿಲು ಹಾಕಿ, ಅನ್ನ ನಿಲ್ಲಿಸಿದೆ. ಹಸಿವಾದರೆ ತಾನೇ ಏಳುತ್ತಾಳೆ ಎಂದುಕೊಂಡೆ. ಎದ್ದಳೇನೋ ನಿಜ. ಒಂದು ದಿನ ಬಾಗಿಲು ತೆಗೆದಾಗ ಎದ್ದವಳು ನೇರವಾಗಿ ಬಾವಿಯ ಕಡೆಗೆ ಹೋದಳು. ಸೆರಗು ಹಿಡಿದು ಎಳೆದು ತಂದವಳು ನಾನೇ. ಅದನ್ನು ನಿಮ್ಮ ಮೇಡಂಗೆ ಹೇಳಿದೆಯಾ?

'ನನ್ನ ಬಿಟ್ಬಿಡಿ ಅತ್ತೆ, ನಾನಿದ್ರೆ ಮಗೂಗೆ ಒಳ್ಳೇದಾಗಲ್ಲ' ಎಂದು ಅವತ್ತೆಲ್ಲ ಅತ್ತಳು. ಸಾಯುತ್ತೇನೆ ಎನ್ನುವವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಒಬ್ಬರನ್ನೇ ಬಿಡಬಾರದು, ಪಕ್ಕದಲ್ಲಿ ಕೂತು ಕೇಳಬೇಕು ಎಂದು ಬರೆದಿದ್ದೀಯೆ. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿನಲ್ಲಿ ಪಕ್ಕದಲ್ಲಿ ಕೂರಲು ಈ ಮನೆಯಲ್ಲಿ ಯಾರಿಗಿತ್ತು ಪುರುಸೊತ್ತು? ಹುಳಕ್ಕೆ ಸೊಪ್ಪು ತಪ್ಪಿದರೆ ಮನೆಯವರ ಅನ್ನ ಹೋಗುತ್ತದೆ. ಸೊಸೆಗೆ ಮಾತು ತಪ್ಪಿದರೆ ಏನು ಹೋಗುತ್ತದೆ?

ಕಡೆಗೆ ನಿನ್ನ ಕಾಟ ತಡೆಯಲಾರದೆ ಚನ್ನಕೇಶವ ಅವಳನ್ನು ನಿಮ್ಮ ಆಸ್ಪತ್ರೆಗೆ ಸೇರಿಸಿ ಬಂದ. ನಾನು ಬೇಡ ಎನ್ನಲಿಲ್ಲ. ಬೀದಿಯ ಹೆಂಗಸರು 'ಪಿಚ್ಚಿ ಲಕ್ಷ್ಮಿ', ಹುಚ್ಚು ಲಕ್ಷ್ಮಿ ಎಂದು ನಗುವುದು ತಪ್ಪಿದರೆ ಸಾಕಾಗಿತ್ತು ನನಗೆ. ಎದುರುಮನೆಯ ಶಹರ್ ಬಾನು ಮಾತ್ರ ಒಂದು ದಿನ ನೀರು ಸೇದುವಾಗ 'ಆ ಹುಡುಗೀನ ಏನ್ ಮಾಡಿದ್ರಕ್ಕಾ, ಮಗು ಸೊರಗೋಗ್ಯದೆ' ಎಂದು ಕೇಳಿದಳು. ಅವಳ ಜೊತೆ ಮಾತು ಬಿಟ್ಟಿದ್ದೇನೆ.

ಅವಳಿಗೆ ಗುಣವಾಗಿದೆ ಎಂದು ನೀನು ಹೇಳಿದರೆ ನಂಬುತ್ತೇನೆ. ನೀನು ಸುಳ್ಳು ಹೇಳುವವಳಲ್ಲ. ಆದರೆ ರೋಗದ ಹುಳವನ್ನು ತಟ್ಟೆಯಿಂದ ಹೆಕ್ಕಿ ಆಚೆಗೆ ಹಾಕಿದ ಮೇಲೆ ಯಾರಾದರೂ ತಿರುಗಿ ತಂದು ತಟ್ಟೆಗೆ ಬಿಡುತ್ತಾರೆಯೇ? ಮನಸ್ಸಿನ ಕಾಯಿಲೆ ಅಂಟುವುದಿಲ್ಲ ಎಂದು ದಪ್ಪಕ್ಷರದಲ್ಲಿ ಬರೆದು ಅಡಿಗೆರೆ ಬೇರೆ ಎಳೆದಿದ್ದೀಯೆ. ಕಾಯಿಲೆ ಅಂಟದಿದ್ದರೂ ಹೆಸರು ಅಂಟುತ್ತದೆ, ಮಗಳೇ. ಚಿಂತಾಮಣಿಯ ವೆಂಕಟರಾಮಪ್ಪನವರ ಮನೆಯವರು ನಿನ್ನನ್ನು ಕೇಳಿಕೊಂಡು ಬಂದಿದ್ದರು. ಕಾಫಿ ಲೋಟ ಮುಟ್ಟುವ ಮೊದಲೇ ಆ ಯಮ್ಮ 'ನಿಮ್ಮನೇಲಿ ಯಾರಿಗೋ ತಲೆ ಕೆಟ್ಟಿತ್ತಂತಲ್ಲಮ್ಮಾ' ಎಂದಳು. ನನಗೆ ಭೂಮಿಗೆ ಇಳಿದುಹೋಗುವ ಹಾಗಾಯಿತು. ನಾನು ಮಾಡುತ್ತಿರುವುದೆಲ್ಲ ನಿನಗೋಸ್ಕರವೇ.

ಮಗು ಅಮ್ಮನನ್ನು ಕೇಳುವುದಿಲ್ಲವೇ ಎಂದಿದ್ದೀಯೆ. ಇಲ್ಲ. ರಾಮಲಕ್ಷ್ಮಿಯ ತಂಗಿ ಆಂಜಿನಮ್ಮ ಸಾದಲಿಯಿಂದ ಬಂದಿದ್ದಾಳೆ, ಮಗುವನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಅದು ಅವಳ ಸೊಂಟ ಬಿಟ್ಟು ಇಳಿಯುವುದಿಲ್ಲ. ಅದರ ಪಾಡಿಗೆ ಅದನ್ನು ಬಿಡು.

ಅತ್ತಿಗೆಗೆ ಏನಾದರೂ ಒಂದು ಹೇಳು. ಹುಳದ ಕೆಲಸ ಮುಗಿದ ಮೇಲೆ ಬರುತ್ತಾರೆ ಎನ್ನು. ಅದು ಮುಗಿದ ಮೇಲೆ ರಾಗಿ ಕೊಯ್ಲು ಎನ್ನು. ಕಾದು ಕಾದು ತಾನೇ ಸುಮ್ಮನಾಗುತ್ತಾಳೆ. ಎರಡು ಹೊತ್ತು ಅನ್ನ ಹಾಕುತ್ತಾರೆ, ಮಲಗಲು ಮಂಚವಿದೆ, ಹುಟ್ಟಿದ ಮನೆಯಲ್ಲಿ ಅದೂ ಇರಲಿಲ್ಲ ಅವಳಿಗೆ. ನೀನು ಹೊತ್ತು ಹೊತ್ತಿಗೆ ಊಟ ಮಾಡು, ಶನಿವಾರ ತಪ್ಪದೆ ತಲೆಗೆ ಎಣ್ಣೆ ಹಚ್ಚಿಕೋ. ಹುರಿಗಾಳು ಮಾಡಿಟ್ಟಿದ್ದೇನೆ, ಬೆಂಗಳೂರಿಗೆ ಹೋಗುವವರು ಸಿಕ್ಕಿದರೆ ಕಳಿಸುತ್ತೇನೆ.

ಇಂತಿ,
ನಿನ್ನ ಒಳ್ಳೆಯದನ್ನೇ ಬಯಸುವ ಅಮ್ಮ
ಅಕ್ಕಯ್ಯಮ್ಮ

ಇನ್ನೊಂದು ಮಾತು. ಬರೆಯಬಾರದು ಎಂದುಕೊಂಡಿದ್ದೆ. ಆದರೆ ನೀನು ಹಟಮಾರಿ, ನೀನೇ ಅವಳನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸಿಬಿಡುತ್ತೀಯೆ. ಹೋದ ತಿಂಗಳು ಚನ್ನಕೇಶವನಿಗೂ ಆಂಜಿನಮ್ಮನಿಗೂ ಮದುವೆಯಾಯಿತು. ಹೆಂಡತಿ ಇರುವಾಗ ಇನ್ನೊಂದು ಮಾಡಿಕೊಳ್ಳಬಾರದೆಂದು ಈಗ ಕಾನೂನು ಬಂದಿದೆಯಂತೆ. ಅದಕ್ಕೇ ರಾಮಲಕ್ಷ್ಮಿ ಆಸ್ಪತ್ರೆಯಲ್ಲಿ ತೀರಿಕೊಂಡಳು, ಅಲ್ಲೇ ಮಣ್ಣು ಮಾಡಿದೆವು ಎಂದು ಊರಿಗೆ ಹೇಳಿ, ಹನ್ನೊಂದನೆಯ ದಿನದ್ದನ್ನೂ ಮುಗಿಸಿದ್ದೆವು. ನಿಜ ಗೊತ್ತಿದ್ದೂ ಅವಳ ಅಪ್ಪ ಆವಲಪ್ಪನವರೇ ಮುಂದೆ ನಿಂತು ಮಾಡಿಸಿದರು. ಆಂಜಿನಮ್ಮನಿಗೆ ನಿಜ ಗೊತ್ತಿಲ್ಲ, ಅಕ್ಕ ಅಕ್ಕ ಎಂದು ಇನ್ನೂ ಅಳುತ್ತಾಳೆ. ಸದ್ಯಕ್ಕೆ ಅವಳ ಕೊರಳಿಗೆ ಅರಿಶಿನದ ಕೊಂಬು ಕಟ್ಟಿಸಿದ್ದೇವೆ. ನಮ್ಮ ಮನೆಯ ತಾಳಿ ನಿನ್ನ ಅತ್ತಿಗೆಯ ಕೊರಳಲ್ಲೇ ಉಳಿದಿದೆ. ನಿಮ್ಮಲ್ಲಿ ನಿದ್ದೆಗೆ ಮಾತ್ರೆ ಕೊಡುತ್ತೀರಲ್ಲ, ಅದನ್ನು ಕೊಟ್ಟು, ಅವಳು ಮಲಗಿದಾಗ ಮೆಲ್ಲಗೆ ಬಿಚ್ಚಿಕೋ. ನೀನು ಬಿಚ್ಚಿದರೆ ಅವಳಿಗೆ ಎಚ್ಚರವಾದರೂ ಹೆದರುವುದಿಲ್ಲ, ನಿನ್ನನ್ನು ನಂಬಿದ್ದಾಳೆ. ರಜಕ್ಕೆ ಬರುವಾಗ ತಂದುಕೊಡು, ಒಬ್ಬಳೇ ಬಾ.