ಗೋಡೆಗೆ ಹಾಕಬಹುದಾದ ನಕಾಶೆ

ಹುಮನಾಬಾದ್,
ಡಿಸೆಂಬರ್ ೨೦೦೬

ಚಿರಂಜೀವಿ ಸ್ನೇಹಲಳಿಗೆ, ನಿನ್ನ ಮಾವ ಬಸವಣಪ್ಪ ಮನಸಾರೆ ಮಾಡುವ ಆಶೀರ್ವಾದ.

ಹೆರಿಗೆಗೆಂದು ನೀನು ಬಸವಕಲ್ಯಾಣದ ತವರಿಗೆ ಹೋದ ಮೇಲೆ ಮಗ ವೀರಭದ್ರ ದಿನವೂ ನಿನಗೆ ಫೋನು ಮಾಡುತ್ತಾನೆ. ನಿಮ್ಮತ್ತೆ ಅವನ ಕೈಯಿಂದ ಅದನ್ನು ಕಸಿದುಕೊಂಡು ಏನು ಉಂಡೆ, ಏನು ಬಿಟ್ಟೆ ಎಂದು ವಿಚಾರಿಸುತ್ತಾಳೆ. ನನ್ನ ಸರದಿ ಬರುವಷ್ಟರಲ್ಲಿ ನನ್ನಲ್ಲಿ ಮಾತೇ ಉಳಿದಿರುವುದಿಲ್ಲ. "ಆರಾಮ ಇದ್ದೀ ಅಲ್ಲವ್ವ?" ಎಂದು ಕೇಳಿ ಇಟ್ಟುಬಿಡುತ್ತೇನೆ. ಮಾವನಾದವನು ಸೊಸೆಯನ್ನು ಎದುರಿಗೇ ಹೊಗಳುವ ರೂಢಿ ನಮ್ಮ ಮನೆಯಲ್ಲಿಲ್ಲ. ದಲಾಲಿಯ ಆಡತ್ ಅಂಗಡಿಯಲ್ಲಿ ಕುಳಿತು ರೈತರು ತಂದ ತೊಗರಿ, ಉದ್ದುಗಳನ್ನು ಬಾಯಿತುಂಬ ಹೊಗಳುವ ನಾನು ಮನೆಯವರ ವಿಷಯ ಬಂದರೆ ಮೂಕನಾಗುತ್ತೇನೆ. ಅದಕ್ಕೇ ಈ ಕಾಗದ. ನಿನ್ನೆ ನಮ್ಮ ಅಂಗಡಿಯಲ್ಲಿ ಒಂದು ಪ್ರಸಂಗ ನಡೆಯಿತು. ಅದನ್ನು ಹೇಳಬೇಕಾದರೆ ಈ ವರ್ಷದ ಆರಂಭದಿಂದ ಹೇಳಬೇಕು. ನಿನಗೆ ಗೊತ್ತಿರುವುದೇ ಆದರೂ ನನ್ನ ಕಣ್ಣಿಗೆ ಅದು ಹೇಗೆ ಕಂಡಿತು ಎಂಬುದು ನಿನಗೆ ಗೊತ್ತಿಲ್ಲ.

ನೀನು ಈ ಮನೆ ತುಂಬಿದ ದಿನ ಸೀರೆಗಳ ಪೆಟ್ಟಿಗೆಯ ಹಿಂದೆಯೇ ಕಂಪ್ಯೂಟರಿನ ಡಬ್ಬಗಳೂ ಬಂದವು. "ಇದಕ್ಕೂ ಆರತಿ ಎತ್ತಬೇಕೇನು?" ಎಂದು ನಿಮ್ಮತ್ತೆ ರುಕ್ಮಿಣಿಬಾಯಿ ಕೇಳಿದ್ದು, ನೀನು ತಲೆ ತಗ್ಗಿಸಿಕೊಂಡೇ ನಕ್ಕಿದ್ದು ನನಗೆ ನೆನಪಿದೆ. ಮದುವೆಗೆ ಮೊದಲು ನೀನು ಪುಣೆಯಲ್ಲಿ ಕಂಪ್ಯೂಟರಿನ ಮೇಲೆ ನಕಾಶೆ ಮಾಡುವ ಕೆಲಸದಲ್ಲಿದ್ದೆ ಎಂದು ನಿನ್ನ ತಂದೆ ಹೇಳಿದ್ದರು. ನಕಾಶೆ ಎಂದರೆ ಶಾಲೆಯ ಗೋಡೆಯ ಮೇಲಿನದು ಎಂದಷ್ಟೇ ನಾನು ತಿಳಿದಿದ್ದೆ.

ಹುಮನಾಬಾದಿನಿಂದ ಬಸವಕಲ್ಯಾಣ ದಾಟಿ ನಾರಾಯಣಪುರದವರೆಗೆ ರಸ್ತೆ ಅಗಲ ಮಾಡುವ ಕೆಲಸ ಬಂತು. ವೀರಭದ್ರನ ಗೆಳೆಯನೇ ಗುತ್ತಿಗೆದಾರ. ರಸ್ತೆಯ ಎರಡೂ ಬದಿಯ ಮರಗಳನ್ನು ಒಂದೊಂದಾಗಿ ಅಳೆದು ನಕಾಶೆಯ ಮೇಲೆ ಗುರುತಿಸಬೇಕಿತ್ತು. ಹಳ್ಳಿಯವರು ಅದನ್ನು ನೋಡಿ ತಕರಾರಿದ್ದರೆ ಹೇಳಿದ ಮೇಲೆಯೇ ಕೊಡಲಿ ಹಾಕಬೇಕೆಂದು ಸರ್ಕಾರದ ಷರತ್ತಿತ್ತು. ಗೆಳೆಯನ ಮೂಲಕ ಆ ಕೆಲಸ ನಿನಗೆ ಸಿಕ್ಕಿತು. ನನಗೆ ತಿಳಿಯಲೆಂದು ನೀನು ಹೇಳಿದೆ: "ಮಾಮಾರ, ಮನಿ ಕಟ್ಟಾಕ ಮೊದಲ ನೆಲ ಬೇಕಲ್ಲರಿ, ಹಂಗ ಗಿಡಾ ಗುರ್ತು ಮಾಡಾಕ ಕೆಳಗ ಒಂದು ನಕಾಶೆ ಬೇಕು. ರಸ್ತಾ, ಹಳ್ಳ, ಊರು ಅದರಾಗ ಮೊದಲೇ ಇರ್ತಾವ."

ಗೆಳೆಯ ಮರುದಿನವೇ ಒಂದು ಸಿಡಿ ತಂದು ಮೇಜಿನ ಮೇಲಿಟ್ಟ. "ತಗೋರಿ ವೈನಿ, ಇದರಾಗ ಎಲ್ಲಾ ಐತಿ. ಹೈದರಾಬಾದ ಕಂಪನಿ ನಕಾಶೆ. ನಮ್ಮ ಹುಡುಗ್ರು ಎಲ್ಲಿಂದೋ ಕಾಪಿ ಮಾಡ್ಯಾರ."

ನೀನು ಅದನ್ನು ಮುಟ್ಟಲಿಲ್ಲ. ಕಂಪನಿಯ ಲೈಸೆನ್ಸ್ ಎಲ್ಲಿ ಎಂದು ಕೇಳಿದೆ. ಅವನು ನಕ್ಕ: "ಯಾವಾಂವ ಬಂದು ಕೇಳ್ತಾನ್ರಿ?"

"ಕೇಳಲಿ ಬಿಡಲಿ, ಮಂದಿ ಹೊಲದಾಗ ಬಿತ್ತಿದಂಗ ಆಗ್ತದ್ರಿ. ನಾಳೆ ಬೆಳಿ ನಮ್ಮದು ಅನ್ನಾಕ ಬರಂಗಿಲ್ಲ" ಎಂದೆ ನೀನು. ದನಿ ಏರಿಸಲಿಲ್ಲ. ಹೋಳಿ ಹುಣ್ಣಿಮೆಯೊಳಗೆ ನಕಾಶೆ ಸಿಗದಿದ್ದರೆ ಕೆಲಸ ಬೇರೆಯವರಿಗೆ ಎಂದು ಹೇಳಿ ಅವನು ಚಹಾ ಕುಡಿಯದೆ ಎದ್ದುಹೋದ. ವೀರಭದ್ರ ತಲೆಗೆ ಕೈ ಹಚ್ಚಿ ಕುಳಿತ. ಗೆಳೆಯನಿಗೆ ಹೇಗೆ ಮುಖ ತೋರಿಸುವುದೆಂದು ಅವನ ಚಿಂತೆ. ನಿಮ್ಮತ್ತೆ ಮಾತ್ರ ರೊಟ್ಟಿ ಬಡಿಯುತ್ತಲೇ ಒಳಗಿನಿಂದ ತೀರ್ಪು ಕೊಟ್ಟಳು: "ಹೈದರಾಬಾದಿಗೆ ಹೋಗೂದಾದ್ರ ಹೋಗಲಿ. ಒಬ್ಬಾಕೀನ ಬ್ಯಾಡ. ನೀವ್ ಹೋಗಿ ಬರ್ರಿ."

ಹಾಗೆ ನಾನು ನಿನ್ನ ಜೊತೆ ಹೊರಟೆ. ಆ ಕಚೇರಿಯ ತಂಪು ಕೋಣೆಯಲ್ಲಿ ಟೈ ಕಟ್ಟಿದ ಅಧಿಕಾರಿ ನಿನ್ನ ಪ್ರಶ್ನೆಗಳಿಗೆಲ್ಲ ನನ್ನ ಮುಖ ನೋಡಿ ಉತ್ತರ ಹೇಳುತ್ತಿದ್ದ. ನನಗೋ ಅವನು ಹೇಳುವುದು ಒಂದೂ ತಿಳಿಯದು. ಕೊನೆಗೆ ನಮ್ಮ ಕಡೆಯ ಹಿಂದಿಯಲ್ಲೇ ಹೇಳಿದೆ: "ಸಾಬ್, ಮೈ ತೋ ಖಾಲಿ ಥೈಲಿ ಪಕಡ್‌ಕೆ ಆಯಾ. ಬಾತ್ ಇನ್ಸೆ ಕರೋ." ಕೈಚೀಲ ಹಿಡಿಯಲು ಬಂದವನು ನಾನು, ಮಾತಾಡುವವಳು ಇವಳು ಎಂದು. ನೀನು ತುಟಿ ಕಚ್ಚಿ ನಗು ತಡೆದುಕೊಂಡೆ. ಅಲ್ಲಿಂದ ಮುಂದೆ ಅವನು ನಿನ್ನ ಕಡೆಗೇ ಕುರ್ಚಿ ತಿರುಗಿಸಿದ.

ಲೈಸೆನ್ಸಿನ ಕಾಗದವನ್ನು ನೀನು ಮೊದಲಿಂದ ಕೊನೆಯವರೆಗೆ ಓದಿದೆ. ಎಲ್ಲರೂ ಸುಮ್ಮನೆ ಸಹಿ ಮಾಡುತ್ತಾರೆ ಎಂದು ಅವನು ಹೇಳಿದರೂ ಓದಿದೆ. ನಕಾಶೆಯನ್ನು ಒಂದೇ ಕಂಪ್ಯೂಟರಿನಲ್ಲಿ ಬಳಸಬಹುದು, ಬೇರೆ ಯಾರಿಗೂ ತೋರಿಸುವಂತಿಲ್ಲ, ಅದರ ಮೇಲೆ ಗುರುತಿಸಿದ್ದನ್ನೂ ಕೊಡುವಂತಿಲ್ಲ ಎಂದು ಅದರಲ್ಲಿತ್ತು. ಹಳ್ಳಿಯವರು ನೋಡಲಾಗದ ನಕಾಶೆ ತನಗೆ ಬೇಡ ಎಂದೆ. ಸಾರ್ವಜನಿಕರಿಗೆ ತೋರಿಸುವ ಲೈಸೆನ್ಸ್ ಬೇರೆಯೇ ಇದೆ ಎಂದು ಅವನು ಹೇಳಿದ ದರ ಕೇಳಿ ನಾನು ಚೀಲ ಹೆಗಲಿಗೇರಿಸಿ ಏಳಲು ನೋಡಿದೆ. ನೀನು ಏಳಲಿಲ್ಲ. ಪರದೆಯ ಮೇಲೆ ನಮ್ಮ ಸೀಮೆಯನ್ನು ತೋರಿಸಲು ಕೇಳಿದೆ. ಮಂಠಾಳದ ಸುತ್ತ ಎಷ್ಟೋ ಊರಿಗೆ ಹೆಸರೇ ಇರಲಿಲ್ಲ. ನಾರಾಯಣಪುರದ ಶಿವನ ಗುಡಿ ಇಲ್ಲವೇ ಇಲ್ಲ. "ನಾನು ಹೇಗೂ ಆ ರಸ್ತೆ ಪೂರಾ ನಡೆಯುವವಳು. ಹೆಸರು, ಹಳ್ಳ, ಗುಡಿ ಎಲ್ಲ ಸ್ಥಳದಲ್ಲೇ ನೋಡಿ ನಿಮಗೆ ಬರೆದುಕೊಡುತ್ತೇನೆ. ಬದಲಿಗೆ ತೋರಿಸುವ ಅಪ್ಪಣೆ ಕೊಡಿ" ಎಂದೆ. ಅವನು ಒಳಗೆ ಹೋಗಿ ಹಿರಿಯರನ್ನು ಕೇಳಿ ಬಂದ, ಮತ್ತೆ ಹೋದ. ಬರುವಾಗ ಇಬ್ಬರಿಗೂ ಚಹಾ ಹೇಳಿಯೇ ಬಂದ.

ಒಪ್ಪಿಗೆಯ ಪತ್ರ ಬರೆದಾಯಿತು. ಕಂಪನಿಯ ಹೆಸರು ಮೂಲೆಯಲ್ಲಿರಬೇಕು, ಸಿಡಿ ಯಾರಿಗೂ ಕೊಡಬಾರದು. ಕಾಗದದ ಪ್ರತಿ ತೋರಿಸಬಹುದು, ಗುರುತಿಸಿದ ಮರಗಳ ವಿವರ ನಿನ್ನದೇ. ನನಗೆ ಅಷ್ಟೇ ಸಾಕೆನಿಸಿತ್ತು. ನೀನು ಅದನ್ನೂ ಓದಿ, "ಸರ್ಕಾರಿ ಕಚೇರಿಗಳಲ್ಲಿ" ಎಂಬುದನ್ನು ಹೊಡೆದುಹಾಕಿ "ಸಾರ್ವಜನಿಕ ಸ್ಥಳಗಳಲ್ಲಿ" ಎಂದು ಬರೆಸಿದೆ. ಮೂರು ದಶಕ ವ್ಯಾಪಾರ ಮಾಡಿದ ನಾನು ಆ ದಿನ ನಿನ್ನ ವ್ಯವಹಾರವನ್ನು ಬಾಯಿ ಬಿಟ್ಟು ನೋಡಿದೆ.

ಹಿಂದಿರುಗುವಾಗ ಬಸ್ಸಿನಲ್ಲಿ ನೀನು ಮೆಲ್ಲಗೆ ಕೇಳಿದೆ: "ಮಾಮಾರ, ಅವರು ಒಪ್ಪದೇ ಕೆಲಸ ಹೋಗಿದ್ರ ಮನ್ಯಾಗ ಎಲ್ಲಾರೂ ಬೈತಿದ್ರಿ ಅಲ್ಲರಿ?" ಆಗ ನಾನು ಕಂಡಕ್ಟರನನ್ನು ಕರೆದು ಚಿಲ್ಲರೆ ಕೇಳತೊಡಗಿದೆ. ಉತ್ತರ ಈಗ ಬರೆಯುತ್ತೇನೆ. ಬೈಯುತ್ತಿದ್ದರೇನೋ. ನಾನು ಬೈಯುತ್ತಿರಲಿಲ್ಲ ತಾಯಿ. ಕೆಲಸ ಹೋಗಿದ್ದರೂ ನಿನ್ನ ಪಕ್ಕದಲ್ಲಿ ಇಷ್ಟೇ ಹೆಮ್ಮೆಯಿಂದ ಕುಳಿತು ಬರುತ್ತಿದ್ದೆ.

ಹೋಳಿಗೆ ಮೊದಲೇ ನಕಾಶೆ ಮೇಜಿನ ಮೇಲಿತ್ತು. ಆಮೇಲೆ ನೀನು, ನಿನಗೆ ಜೊತೆಯಾದ ಬಾಳಮ್ಮ, ಆ ಬಿಸಿಲು. ಅವಳು ಬೊಡ್ಡೆಗೆ ಟೇಪು ಸುತ್ತುವಳು, ನೀನು ಅಂಗೈಯಗಲದ ಆ ಜಿಪಿಎಸ್ ಹಿಡಿದು ಬರೆದುಕೊಳ್ಳುವೆ. ಮನೆಗೆ ಬಂದಾಗ ನಿನ್ನ ಮುಖ ಕಪ್ಪಿಟ್ಟಿರುತ್ತಿತ್ತು. ನಿಮ್ಮತ್ತೆ ಗೊಣಗುತ್ತಲೇ ಮಜ್ಜಿಗೆ ಕೊಡುತ್ತಿದ್ದಳು.

ಹಳ್ಳಿಯವರ ತಕರಾರು ಕೇಳಲು ನಾರಾಯಣಪುರದಲ್ಲಿ ನಡೆದ ಸಭೆಗೆ ನಾನೂ ಬಂದಿದ್ದೆ, ಹಿಂದಿನ ಸಾಲಿನಲ್ಲಿ. ಶಾಲೆಯ ಗೋಡೆಗೆ ನೀನು ನಕಾಶೆ ಹಾಕಿದ್ದೇ ತಡ, ಹಳ್ಳಿಯವರೆಲ್ಲ ಮುಗಿಬಿದ್ದರು. ಹುಣಸೆಮರಗಳ ಸಾಲು ಎಡಗಡೆ ಒತ್ತಾಗಿತ್ತು. ರಸ್ತೆ ಅಗಲವಾಗುವುದೂ ಎಡಕ್ಕೇ. ಅದು ಎಲ್ಲರ ಕಣ್ಣಿಗೂ ಬಿತ್ತು. ತಕರಾರು ಎದ್ದು ಕೆಲಸ ನಿಂತೀತೆಂದು ಗುತ್ತಿಗೆದಾರನಿಗೆ ಕಸಿವಿಸಿಯಾಯಿತು. ಎದ್ದುನಿಂತು ಜೋರಾಗಿ ಹೇಳಿದ: "ಸಾಹೇಬ್ರ, ಇದು ಕಂಪನಿ ನಕಾಶೆ. ಹಿಂಗ ಮಂದಿ ಮುಂದ ಹಾಕಾಕ ಬರಂಗಿಲ್ಲ. ಕೇಸ್ ಆಗ್ತದ. ಮೊದಲ ಇಳಸ್ರಿ." ಕದ್ದ ಸಿಡಿ ತಂದವನ ಬಾಯಲ್ಲಿ ಈ ಮಾತು!

ಸಭೆ ನಡೆಸಲು ಬಂದಿದ್ದ ಅಧಿಕಾರಿ ಹಿಂಜರಿದರು. ಸಿಪಾಯಿ ಗೋಡೆಯ ಕಡೆ ಹೋಗಿಯೇಬಿಟ್ಟ. ನೀನು ಒಪ್ಪಿಗೆ ಪತ್ರ ತೆಗೆದು, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಎಲ್ಲರಿಗೂ ಕೇಳುವಂತೆ ಓದಿದೆ. "ಸಾರ್ವಜನಿಕ ಸ್ಥಳಗಳಲ್ಲಿ" ಎಂಬಲ್ಲಿ ಅಧಿಕಾರಿ ನಿನ್ನ ಕೈಯಿಂದ ಪತ್ರ ಇಸಿದುಕೊಂಡು ತಾವೇ ನೋಡಿದರು. "ನಕಾಶೆ ಇರಲಿ. ಮುಂದುವರಿಸ್ರಿ" ಎಂದರು.

ಆಗ ಕೇಶರಬಾಯಿ ಎಂಬ ಮುದುಕಿ ಸೆರಗು ಸರಿಮಾಡಿಕೊಂಡು ಎದ್ದಳು. "ಸಾಹೇಬ, ಆ ಹುಣಚಿ ಕಾಯಿ ಬಡದು ಮಾರಿ ನಾವು ಹತ್ತು ಮನಿ ಬಾಳೇವ ಮಾಡ್ತೇವಿ. ಬಲಕ್ಕ ನೋಡ್ರಿ, ಬರೇ ಜಾಲಿ, ಸರಕಾರಿ ಬೀಳು. ರಸ್ತಾ ಆ ಕಡಿ ಸರಸಿದ್ರ ಯಾರದ ಏನು ಹೋಗ್ತದ?" ಆಕೆಯ ಬೆರಳು ನಿನ್ನ ನಕಾಶೆಯ ಮೇಲಿತ್ತು. ಅಧಿಕಾರಿ ಬರೆದುಕೊಂಡರು. ಮಳೆಗಾಲ ಮುಗಿದ ಮೇಲೆ ರಸ್ತೆಯನ್ನು ಬಲಕ್ಕೆ ಸರಿಸುವ ಆದೇಶವೂ ಬಂತು.

ಎಲ್ಲವೂ ಉಳಿಯಲಿಲ್ಲ, ಗೊತ್ತು. ಹುಮನಾಬಾದಿನ ಕಡೆಯ ಬೇವಿನ ಮರಗಳು ಉರುಳಿದ ದಿನ ನೀನು ಉಣ್ಣದೆ ಮಲಗಿದೆ. ಆದರೆ ಮೊನ್ನೆ ಎಳ್ಳ ಅಮಾವಾಸ್ಯೆಗೆ ನಾನು ಬಸ್ಸಿನಲ್ಲಿ ಆ ದಾರಿಯಾಗಿ ಹೋದೆ. ಹೊಸ ರಸ್ತೆ ಬಲಕ್ಕೆ ಬಳುಕಿದೆ. ಹುಣಸೆಯ ಸಾಲು ನಿಂತಿದೆ. ಪಕ್ಕದಲ್ಲಿ ಕುಳಿತ ಅಪರಿಚಿತನಿಗೆ, "ಇದು ನಮ್ಮ ಸೊಸಿ ಕೆಲಸ" ಎಂದುಬಿಟ್ಟೆ. ಅವನಿಗೆ ಏನು ತಿಳಿಯಿತೋ, ತಲೆಯಾಡಿಸಿದ.

ಇನ್ನು ನಿನ್ನೆಯ ಮಾತು. ಬೀದರಿನಿಂದ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದರು. ಜಿಲ್ಲೆಯ ಉಳಿದ ರಸ್ತೆಗಳ ಮರಗಳನ್ನೂ ಹೀಗೆಯೇ ಗುರುತಿಸಬೇಕಂತೆ, ನಕಾಶೆಯ ಲೈಸೆನ್ಸ್ ಮಾತೂ ನೀನೇ ಆಡಬೇಕಂತೆ. ನನ್ನ ತಂದೆ ಹಾಕಿದ ಅಂಗಡಿ ಇದು. ಬಜಾರಿನಲ್ಲಿ ಅವರ ಹೆಸರಾಯಿತು, ನನ್ನ ಹೆಸರಾಯಿತು, ಈಗ ವೀರಭದ್ರನದು. ಆ ಅಧಿಕಾರಿ ಎದುರಂಗಡಿಯ ಹಮಾಲರನ್ನು ಕೇಳಿದ್ದು, "ಸ್ನೇಹಲ್ ಮೇಡಂ ಮನಿ ಯಾವುದು?" ಎಂದು. ಹಮಾಲರು ತಡಮಾಡದೆ ನಮ್ಮ ಅಂಗಡಿಯತ್ತ ಕೈ ತೋರಿಸಿದರು. ಅಧಿಕಾರಿ ಒಳಗೆ ಬಂದು, "ತಾವು?" ಎಂದರು.

ನಾನು ಎದ್ದುನಿಂತೆ. "ನಾ ಅವರ ಮಾವ ಅದೀನ್ರಿ" ಎಂದೆ.

ಕೆಲಸ ಒಪ್ಪುವುದು ಬಿಡುವುದು ನಿನಗೆ ಬಿಟ್ಟದ್ದು. ನಿನ್ನ ಪರವಾಗಿ ನಾನು ಹೌದೂ ಅಲ್ಲವೂ ಹೇಳಲಿಲ್ಲ. ಬಾಣಂತನ ಮುಗಿಸಿ ಆಕೆಯೇ ತಿಳಿಸುತ್ತಾಳೆ ಎಂದು ಕಳಿಸಿದೆ. ಕಾಯುತ್ತೇವೆ ಎಂದರು.

ಹೆರಿಗೆ ಸುಸೂತ್ರವಾಗಿ ತಾಯಿ ಮಗು ಇಬ್ಬರೂ ಸುಖವಾಗಿರಿ. ಹುಟ್ಟುವುದು ಹೆಣ್ಣಾಗಲಿ ಗಂಡಾಗಲಿ, ಆಯುಷ್ಯ ಗಟ್ಟಿಯಿರಲಿ. ಬಸವಣ್ಣ ನಿಮ್ಮಿಬ್ಬರನ್ನೂ ಕಾಯಲಿ.

ಎಂದೆಂದೂ ನಿನ್ನ ಒಳಿತು ಬಯಸುವ,
ಸ್ನೇಹಲಳ ಮಾವ
ಬಸವಣಪ್ಪ